ಟೆಂಪೊರರಿಲಿಗೆ ಎಷ್ಟು ತುಂಡು ಸ್ವಾಮಿ?

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ಸೋಮಾರಿತನ, ಇನ್ನೇನಿಲ್ಲ. ಆದ್ರೆ ಮೊನ್ನೆ ಸಂಜೆ ನಡೆದದ್ದನ್ನ ಬರೀದೆ ಇದ್ರೆ ನಂಗೆ ನಿದ್ದೆ ಬರಲ್ಲ, ಅದಕ್ಕೇ ಕೂತಿದೀನಿ. ಕಾಫಿ ಇದ್ರೆ ತಗೊಂಡು ಬನ್ನಿ, ಸ್ವಲ್ಪ ಉದ್ದ ಇದೆ.

ಮಗಳು ಐದನೇ ಕ್ಲಾಸು. ಸ್ಕೂಲಿಂದ ಬಂದೋಳು ಬ್ಯಾಗ್ ಎಸೆದು ಒಂದು ಹಾಳೆ ತಂದು ಮುಂದೆ ಹಿಡಿದ್ಳು. ಇಂಗ್ಲಿಷ್ ವರ್ಕ್‌ಶೀಟು. ಹತ್ತು ಉದ್ದುದ್ದ ಪದ ಕೊಟ್ಟು, ಇವನ್ನ ಸಿಲಬಲ್ ಸಿಲಬಲ್ಲಾಗಿ ಒಡೆದು ಎಷ್ಟಿವೆ ಅಂತ ಬರೀರಿ ಅಂತ ಪ್ರಶ್ನೆ. ಏಳನೇ ಪದ ಟೆಂಪೊರರಿಲಿ. 'ತಾತ್ಕಾಲಿಕವಾಗಿ' ಅಂತಾರಲ್ಲ, ಎಟಿಎಂ ಬಾಗಿಲಿಗೆ ಅಂಟಿಸಿರ್ತಾರಲ್ಲ, ಅದೇ. ಇವ್ಳು ನಾಲ್ಕು ಅಂತ ಬರೆದಿದ್ಳು: ಟೆಂಪ್-ರ-ರಿ-ಲಿ. ಟೀಚರು ಕೆಂಪು ಶಾಯಿಯಲ್ಲಿ ಹೊಡೆದು ಐದು ಅಂತ ಬರೆದಿದ್ರು: ಟೆಂ-ಪೊ-ರರ್-ಇ-ಲಿ. ಒಂದು ಮಾರ್ಕು ಹೋಯ್ತು. ಮಾರ್ಕು ಹೋಗ್ಲಿ ಬಿಡಿ, ಕೆಳಗೆ ಇನ್ನೊಂದು ಮಾತಿತ್ತು. 'ಮಾತೃಭಾಷೆಯ ಪ್ರಭಾವ. ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿ.'

ಆ ಎರಡು ವಾಕ್ಯ ನೋಡಿ ನಂಗೆ 2005 ನೆನಪಾಯ್ತು.

ಆಗ ನಾನು ಕನ್ನಡ ಮೀಡಿಯಮ್ಮಲ್ಲಿ ಓದಿ, ಡಿಗ್ರಿ ಮುಗಿಸಿ, ಬೆಂಗಳೂರಿಗೆ ಬಸ್ ಹತ್ತಿದ್ದ ಹುಡುಗ. ಕಾಲ್ ಸೆಂಟರ್ ಕಾಲ. ಒಂದು ಕಂಪನಿಯಲ್ಲಿ ಮೂರು ರೌಂಡ್ ದಾಟಿ ವಾಯ್ಸ್ ರೌಂಡಿಗೆ ಬಂದಿದ್ದೆ. ಒಂದು ಪ್ಯಾರಾ ಓದು ಅಂದ್ರು. ಅದ್ರಲ್ಲಿ ಈ ಪದ ಇತ್ತು. ನಾನು ಮೊದಲನೇ ಅಕ್ಷರ ಒತ್ತಿ, ಉಳಿದಿದ್ದನ್ನ ಗಡಗಡ ಅಂತ ಹೇಳಿ ಮುಂದೆ ಹೋದೆ. ಎದುರಿಗಿದ್ದವರು ಪೆನ್ ಎತ್ತಿ ಕಾಗದದ ಮೇಲೆ ಎಂ.ಟಿ.ಐ. ಅಂತ ಬರೆದದ್ದು ನಂಗೆ ತಲೆಕೆಳಗಾಗಿ ಕಾಣಿಸ್ತು. ಮದರ್ ಟಂಗ್ ಇನ್‌ಫ್ಲುಯೆನ್ಸ್. ಆ ಕಾಲದಲ್ಲಿ ಆ ಮೂರಕ್ಷರ ಅಂದ್ರೆ ವೈದ್ಯರು ಎಕ್ಸ್-ರೇ ನೋಡಿ ತಲೆ ಆಡಿಸಿದ ಹಾಗೆ. ಕೆಲಸ ಸಿಗ್ಲಿಲ್ಲ. ತಮಾಷೆ ಏನು ಗೊತ್ತಾ, ನನ್ನ ರೂಮ್‌ಮೇಟು ಬ್ರಿಟನ್ನಿನ ಗಿರಾಕಿಗಳ ಕೆಲಸ ಮಾಡೋ ಇನ್ನೊಂದು ಕಡೆ ಸೇರಿದ್ದ. ಅವನು ಮೂರನೇ ಅಕ್ಷರ ಒತ್ತಿ ಹೇಳಿದ್ದಕ್ಕೆ ಅಲ್ಲಿ ಬೈಸ್ಕೊಂಡು ಬಂದ. ರಾತ್ರಿ ಇಬ್ರೂ ಅನ್ನ-ತಿಳಿಸಾರು ಕಲಸ್ತಾ ಒಂದೇ ಪದಕ್ಕೆ ಎರಡು ಥರ ಬೈಗುಳ ಹೇಗೆ ಬಂತು ಅಂತ ಯೋಚನೆ ಮಾಡಿದ್ವಿ. ಉತ್ತರ ಗೊತ್ತಾಗ್ಲಿಲ್ಲ. ನಮ್ಮ ನಾಲಿಗೇನೇ ಸರಿ ಇಲ್ಲ ಅಂತ ಒಪ್ಕೊಂಡು ಮಲಗಿದ್ವಿ.

ಈಗ ಗೊತ್ತು. ಇಬ್ರೂ ಸರಿಯಾಗೇ ಹೇಳಿದ್ವಿ!

ಮುಂದಕ್ಕೆ ಹೋಗೋ ಮೊದಲು ಒಂದು ಗುರುತು. ಒಂದು ಪದದಲ್ಲಿ ಯಾವ ಅಕ್ಷರವನ್ನ ಗಟ್ಟಿಯಾಗಿ ಹೇಳ್ಬೇಕೋ ಅದರ ಮುಂದೆ ^ ಅಂತ ಟೋಪಿ ಹಾಕ್ತೀನಿ. (ಅಕ್ಷರಕ್ಕೆ ಟೋಪಿ, ಓದೋರಿಗಲ್ಲ. ಓದೋರಿಗೆ ಟೋಪಿ ಹಾಕೋ ಕೆಲಸ ವರ್ಕ್‌ಶೀಟಿನವರದ್ದು.)

ಆಕ್ಸ್‌ಫರ್ಡ್‌ನವರ ವಿದ್ಯಾರ್ಥಿಗಳ ಡಿಕ್ಷನರಿ ತೆಗೆದು ನೋಡಿ. ಬ್ರಿಟಿಷ್ ಉಚ್ಚಾರಣೆ ಅಂತ ಕೊಟ್ಟಿರೋದು ^ಟೆಂಪ್ರರಲಿ. ಮೊದಲ ಅಕ್ಷರ ಗಟ್ಟಿ, 'ಪೊ' ದಲ್ಲಿದ್ದ ಸ್ವರ ಮಾಯ, ಎಣಿಸಿದ್ರೆ ನಾಲ್ಕು ಸಿಲಬಲ್. ಪಕ್ಕದಲ್ಲೇ ಅಮೆರಿಕನ್ ಉಚ್ಚಾರಣೆ: ಟೆಂಪ^ರೆರಲಿ. ಗಟ್ಟಿ ಬಿದ್ದಿರೋದು ಮೂರನೇದಕ್ಕೆ, ಎಣಿಸಿದ್ರೆ ಐದು. ಅಂದ್ರೆ 'ಎಷ್ಟು ಸಿಲಬಲ್' ಅನ್ನೋ ಪ್ರಶ್ನೆಗೆ ಎರಡು ಸರಿ ಉತ್ತರ ಇದೆ, ಮತ್ತು ಯಾವುದು ಅನ್ನೋದನ್ನ ನಿರ್ಧಾರ ಮಾಡೋದು ಒತ್ತು. ನನ್ನ ಮಗಳು ಬರೆದದ್ದು ಬ್ರಿಟಿಷ್ ಉತ್ತರ. ಆ ಹಾಳೆಯ ತಲೆಬರಹದಲ್ಲಿ 'ಕಲರ್' ಅನ್ನೋ ಪದಕ್ಕೆ ಬ್ರಿಟಿಷ್ ಸ್ಪೆಲ್ಲಿಂಗು, ಯು ಸೇರಿಸಿ. ಕೆಳಗೆ ಮಾರ್ಕು ಕೊಟ್ಟಿರೋದು ಅಮೆರಿಕದ ಲೆಕ್ಕದಲ್ಲಿ. ಯಾವುದೋ ಅಮೆರಿಕನ್ ಸೈಟಿಂದ ಇಳಿಸ್ಕೊಂಡು ತಲೆಬರಹ ಮಾತ್ರ ಬದಲಾಯಿಸಿದಾರೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಇದರ ಹೊಣೆ ಮಾತ್ರ ಕನ್ನಡದ ಮೇಲೆ!

ಆ ಕೆಂಪು ಶಾಯಿಯ ಉತ್ತರ ಎಲ್ಲಿಂದ ಬಂತು ಗೊತ್ತಾ? ಅಮೆರಿಕನ್ ಡಿಕ್ಷನರಿಗಳಲ್ಲಿ ಪದದ ಮಧ್ಯೆ ಚುಕ್ಕೆ ಇರುತ್ತಲ್ಲ, ಅಲ್ಲಿಂದ. ಆ ಚುಕ್ಕೆ ಬಾಯಿಗೆ ಸಂಬಂಧಪಟ್ಟಿದ್ದೇ ಅಲ್ಲ ಸ್ವಾಮಿ. ಅದು ಅಚ್ಚುಮೊಳೆ ಜೋಡಿಸೋರಿಗೆ. ಸಾಲಿನ ಕೊನೆಯಲ್ಲಿ ಪದ ಹಿಡಿಸದೆ ಹೋದ್ರೆ ಎಲ್ಲಿ ಅಡ್ಡಗೆರೆ ಹಾಕಿ ಮುರೀಬಹುದು ಅಂತ ಹೇಳೋದಕ್ಕೆ ಇರೋದು. ಮೆರಿಯಂ-ವೆಬ್‌ಸ್ಟರ್ ತೆಗೆದು 'ಅಗೋ' ಅನ್ನೋ ಪದ ನೋಡಿ (ಹಿಂದೆ, ಮುಂಚೆ ಅನ್ನೋ ಅರ್ಥದ್ದು). ಮಾತಲ್ಲಿ ಎರಡು ಸಿಲಬಲ್, ಸಣ್ಣ ಮಗೂಗೂ ಗೊತ್ತು. ಚುಕ್ಕೆ ಇಲ್ಲ! ಯಾಕಂದ್ರೆ ಒಂದೇ ಒಂದು ಅಕ್ಷರವನ್ನ ಸಾಲಿನ ತುದಿಯಲ್ಲಿ ಅನಾಥವಾಗಿ ಬಿಡ್ಬಾರ್ದು ಅನ್ನೋದು ಮುದ್ರಣದ ಮರ್ಯಾದೆ. 'ನಾಲೆಜ್' ಪದವನ್ನ ಅಮೆರಿಕದವರು ಎಲ್ ಆದ್ಮೇಲೆ ಮುರೀತಾರೆ, ಬಾಯಲ್ಲಿ ಹಾಗೆ ಕೇಳುತ್ತೆ ಅಂತ. ಹಳೇ ಬ್ರಿಟಿಷ್ ಮುದ್ರಕರು ಡಬ್ಲ್ಯೂ ಆದ್ಮೇಲೇ ಮುರೀತಿದ್ರು, 'ನೋ' ಅನ್ನೋ ಮೂಲ ಪದ ಇಡಿಯಾಗಿ ಉಳೀಲಿ ಅಂತ. ಇಬ್ರಿಗೂ ಅವರವರ ಕಾರಣ. ಐದನೇ ಕ್ಲಾಸಿನ ಮಗು ಇದರಲ್ಲಿ ಯಾವ ಮುದ್ರಕನ ಶಿಷ್ಯೆ ಆಗ್ಬೇಕು?

ಕಂಪ್ಯೂಟರಿಗೇ ಇದು ಕಷ್ಟ ಆಗಿದೆ. ಫ್ರಾಂಕ್ ಲಿಯಾಂಗ್ ಅಂತ ಒಬ್ರು 1983ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬರೀ ಈ ಪದ ಮುರಿಯೋ ವಿಷಯದ ಮೇಲೆ ಪಿಎಚ್‌ಡಿ ಮಾಡಿದ್ರು. ಕ್ನೂತ್ ಅವರ ಟೆಕ್ ತಂತ್ರಾಂಶದಲ್ಲಿ ಬಳಕೆಯಾದದ್ದು ಅದೇ. 4,447 ಮಾದರಿಗಳನ್ನ ಕಲಿಸಿದ ಮೇಲೆ ಅದು ಡಿಕ್ಷನರಿಯಲ್ಲಿದ್ದ ಅಡ್ಡಗೆರೆಗಳಲ್ಲಿ ನೂರಕ್ಕೆ 89ನ್ನ ಕಂಡುಹಿಡೀತು. ಉಳಿದದ್ದು ಬಿಟ್ಟುಹೋಯ್ತು. ಅಕ್ಷರ ಮಾತ್ರ ನೋಡಿ ಹೇಳೋದಕ್ಕೇ ಆಗದ ಪದಗಳೂ ಇವೆ. 'ರೆಕಾರ್ಡ್' ತಗೊಳ್ಳಿ. ನಾಮಪದ ಆದ್ರೆ ^ರೆಕ್-ಅರ್ಡ್, ಕ್ರಿಯಾಪದ ಆದ್ರೆ ರಿ-^ಕಾರ್ಡ್. ಸ್ಪೆಲ್ಲಿಂಗು ಒಂದೇ, ಮುರಿಯೋ ಜಾಗ ಬೇರೆ. 'ಕ' ಅನ್ನೋ ವ್ಯಂಜನ ಗಟ್ಟಿ ಇದ್ದ ಕಡೆಗೆ ಜಿಗೀತು ನೋಡಿ. ಫೋಟೋಗ್ರಾಫು ಇನ್ನೂ ಮಜ. ^ಫೋ-ಟೋ-ಗ್ರಾಫ್. ಅದೇ ಫೋಟೋ ತೆಗೆಯೋನು ಫ-^ಟಾಗ್-ರ-ಫರ್. 'ಗ್ರ' ಒಟ್ಟಿಗಿದ್ದದ್ದು ಒಡೆದು, ಗ ಹಿಂದಕ್ಕೆ ಹೋಗಿ ಗಟ್ಟಿ ಅಕ್ಷರಕ್ಕೆ ಜೋತುಬಿತ್ತು. ಇನ್ನು ಫೋಟೋ^ಗ್ರಾಫಿಕ್ ಅಂದ್ರೆ ಗಟ್ಟಿ ಮೂರನೇದಕ್ಕೆ. ಉಚ್ಚಾರಣೆಯ ಡಿಕ್ಷನರಿ ಮಾಡಿದ ಜಾನ್ ವೆಲ್ಸ್ ಅವರು 1990ರಲ್ಲಿ ಇದನ್ನೇ ನಿಯಮದ ಥರ ಹೇಳಿದ್ರು: ಎರಡು ಸಿಲಬಲ್ ಮಧ್ಯೆ ಸಿಕ್ಕಿದ ವ್ಯಂಜನ, ಯಾವುದರ ಮೇಲೆ ಒತ್ತು ಜಾಸ್ತಿಯೋ ಅದರ ಕಡೆಗೆ ಹೋಗುತ್ತೆ ಅಂತ. ಇಲ್ಲ, ಆದಷ್ಟೂ ವ್ಯಂಜನಗಳನ್ನ ಮುಂದಿನ ಸ್ವರಕ್ಕೇ ಕೊಡ್ಬೇಕು ಅನ್ನೋ ಪಂಗಡ ಇನ್ನೊಂದು. ಜೀವಮಾನವಿಡೀ ಇದನ್ನೇ ಓದಿದವರು ಇನ್ನೂ ಜಗಳ ಆಡ್ತಿರೋ ವಿಷಯಕ್ಕೆ ನಮ್ಮಲ್ಲಿ ಒಂದು ಮಾರ್ಕು, ಕೆಂಪು ಶಾಯಿ.

ಅಂದ್ರೆ ನನ್ನ ತಕರಾರು ಇಷ್ಟೇ. ಇಂಗ್ಲಿಷಲ್ಲಿ ಒತ್ತು ಮೊದಲು, ಒಡೆಯೋದು ಆಮೇಲೆ. ಒತ್ತು ಎಲ್ಲಿದೆ ಅಂತ ಹೇಳ್ಕೊಡದೆ ಪದ ಒಡಿ ಅನ್ನೋದು, ಹಲಸಿನ ಹಣ್ಣು ಎಲ್ಲಿದೆ ಅಂತ ತೋರಿಸದೆ ತೊಳೆ ಎಣಿಸು ಅಂದ ಹಾಗೆ. ನನ್ನ ಮಗಳ ನೋಟ್‌ಬುಕ್ಕನ್ನ ಮೊದಲ ಪುಟದಿಂದ ತಿರುವಿ ಹಾಕಿದೆ. ಚಪ್ಪಾಳೆ ತಟ್ಟಿ ಎಣಿಸಿ, ಗಲ್ಲದ ಕೆಳಗೆ ಕೈ ಇಟ್ಟು ಎಷ್ಟು ಸಲ ಕೆಳಗಿಳಿಯುತ್ತೆ ನೋಡಿ, ಎಲ್ಲಾ ಇದೆ. ಒತ್ತಿನ ಬಗ್ಗೆ ಒಂದು ಸಾಲಿಲ್ಲ. ಆ ಚಪ್ಪಾಳೆ ವಿದ್ಯೆಯೂ ಎಂಥದ್ದು! ನಿಧಾನಕ್ಕೆ ತಟ್ಟಿದ್ರೆ ಐದು ಬರುತ್ತೆ, ಬೇಗ ತಟ್ಟಿದ್ರೆ ನಾಲ್ಕು. ಮನೇಲಿ ಮಾಡಿ ನೋಡಿ. ನಾನೂ ನನ್ನ ಹೆಂಡತಿಯೂ ಅಡಿಗೆಮನೇಲಿ ನಿಂತು ತಟ್ಟಿದ್ವಿ, ಪಕ್ಕದ ಮನೆಯವರು ಭಜನೆ ಅಂದ್ಕೊಂಡಿರ್ಬೇಕು.

ಈಗ ಮಾತೃಭಾಷೆಯ ಪ್ರಭಾವಕ್ಕೆ ಬರ್ತೀನಿ. ಇದು ನಂಗೆ ನಿಜವಾಗ್ಲೂ ಉರಿದ ಜಾಗ.

ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 'ಕತ್ತೆ' ಅಂತ ಬರೆದ್ರೆ ಕಣ್ಣಿಗೆ ಕಾಣೋದು ಕ-ತ್ತೆ. ಎರಡೂ ತಕಾರ ಎರಡನೇ ಅಕ್ಷರದಲ್ಲೇ ಇವೆ. ಆದ್ರೆ ಪ್ರಸ್ತಾರ ಹಾಕುವಾಗ ಮೇಷ್ಟ್ರು 'ಕ' ದ ಮೇಲೆ ಗುರು ಹಾಕಿಸ್ತಿದ್ರು. ಯಾಕೆ? ಒತ್ತಕ್ಷರದ ಹಿಂದಿನ ಅಕ್ಷರ ಗುರು. ಯಾಕಂದ್ರೆ ಕಿವಿಗೆ ಕೇಳೋದು ಕತ್-ತೆ. ಬರಹಕ್ಕೆ ಒಂದು ವಿಂಗಡಣೆ, ಕಿವಿಗೆ ಇನ್ನೊಂದು ವಿಂಗಡಣೆ! ಎರಡೂ ಬೇರೆ ಅಂತ ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ನಾಗವರ್ಮ ಛಂದೋಂಬುಧಿ ಬರೆದದ್ದು 10ನೇ ಶತಮಾನದ ಕೊನೆಯಲ್ಲಿ. ಒತ್ತಕ್ಷರ ಇದ್ರೂ ತೇಲಿಸಿ ಹೇಳಿದ್ರೆ ಹಿಂದಿನದು ಗುರು ಆಗಲ್ಲ ಅಂತ ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅನ್ನೋ ವಿನಾಯಿತಿ ಬೇರೆ ಇಟ್ಟಿದ್ದಾರೆ. ಇಷ್ಟು ಸೂಕ್ಷ್ಮ ಕಿವಿ ಇರೋ ಭಾಷೆಯ ಮಗುವಿಗೆ, ಸಾಲಿನ ಕೊನೆಯ ಚುಕ್ಕೆಯನ್ನ ಮಾತಿನ ತುಂಡು ಅಂತ ಕಲಿಸಿ, ನಿನ್ನ ಮಾತೃಭಾಷೆ ಅಡ್ಡ ಬರ್ತಿದೆ ಅಂತೀರಾ?

ಟೆಂಪೊರರಿಲಿಗೆ ಪ್ರಸ್ತಾರ ಹಾಕಿ ನೋಡೋಣ. ಟೆಂ ಅನುಸ್ವಾರ ಇರೋದ್ರಿಂದ ಗುರು. ಪೊ, ರ, ರಿ, ಲಿ ನಾಲ್ಕೂ ಲಘು. ಆರು ಮಾತ್ರೆ. ಕನ್ನಡದ ಕಿವಿ ಸಹಜವಾಗಿ ಭಾರ ಹಾಕೋದು ಆ ಒಂದೇ ಗುರುವಿನ ಮೇಲೆ. ಬ್ರಿಟಿಷರು ಭಾರ ಹಾಕೋದೂ ಅಲ್ಲೇ. ಅಂದ್ರೆ 2005ರಲ್ಲಿ ನಾನು ಆ ಪ್ಯಾರಾ ಓದಿದಾಗ ನನ್ನ ಮಾತೃಭಾಷೆ ನನ್ನನ್ನ ಸರಿಯಾದ ಜಾಗಕ್ಕೇ ಕರ್ಕೊಂಡು ಹೋಗಿತ್ತು.

ಇನ್ನು ಆ 'ಪೊ' ನುಂಗಿದ್ದು. ನಾವು ದಿನಾ ಮಾಡೋ ಕೆಲಸ ಅದು. ಹೇಳಿದರು ಅಂತ ಬರೀತೀವಿ, ಹೇಳಿದ್ರು ಅಂತೀವಿ. ನಾಲ್ಕು ಅಕ್ಷರ ಮೂರಾಯ್ತು. ಮಾಡುತ್ತೇನೆ ಹೋಗಿ ಮಾಡ್ತೀನಿ, ಬರುವುದಿಲ್ಲ ಹೋಗಿ ಬರಲ್ಲ. ಈ ಬ್ಲಾಗನ್ನ ನಾನು ಬರೀತಿರೋದೇ ನುಂಗಿದ ಕನ್ನಡದಲ್ಲಿ! ಟೆಂಪೊರರಿಲಿ ಹೋಗಿ ಟೆಂಪ್ರರಿಲಿ ಆಗೋದೂ ಅದೇ ಜಾತಿ. ಗಟ್ಟಿ ಅಕ್ಷರದ ಪಕ್ಕದ ಬಡಪಾಯಿ ಸ್ವರ ಸಾಯುತ್ತೆ. 'ಹೇಳಿದರು' ಪದದಲ್ಲಿ ಎಷ್ಟು ಅಕ್ಷರ ಅಂತ ಕೇಳಿ, ಮಗು ಮೂರು ಅಂದ್ರೆ ಮಾತೃಭಾಷೆಯ ದೋಷ ಅಂತ ಬರೆದಿದ್ದನ್ನ ನಾನಂತೂ ಕಂಡಿಲ್ಲ.

ಹಂಗಂತ ಕನ್ನಡದ ಕಿವಿ ಎಲ್ಲಾ ಕಡೆ ಕಾಪಾಡುತ್ತೆ ಅಂತ ನಾನು ಡಂಗುರ ಹೊಡೀತಿಲ್ಲ. 'ನೆಸೆಸರಿಲಿ' ತಗೊಳ್ಳಿ. ಪ್ರಸ್ತಾರ ಹಾಕಿದ್ರೆ ಐದೂ ಲಘು. ಹಿಡ್ಕೊಳ್ಳೋಕೆ ಒಂದು ಗುರು ಇಲ್ಲ. ನಮ್ಮೋರು ತಡವರಿಸೋದು ಇಂಥ ಕಡೆ. ಐದನ್ನೂ ಒಂದೇ ತೂಕದಲ್ಲಿ, ರೇಷನ್ ಅಂಗಡಿಯಲ್ಲಿ ಅಕ್ಕಿ ಅಳೆದ ಹಾಗೆ ಸಮಸಮ ಹೇಳಿಬಿಡ್ತೀವಿ. ಕನ್ನಡದಲ್ಲಿ ಅರ್ಥ ಬದಲಾಯಿಸೋದು ಉದ್ದ-ಗಿಡ್ಡ. ಮರಿ ಅನ್ನೋದನ್ನ ಎಳೆದ್ರೆ ಮಾರಿ ಆಗ್ತಾಳೆ, ಬಳೆ ಎಳೆದ್ರೆ ಬಾಳೆ ಆಗುತ್ತೆ. ಒತ್ತಿದ್ರೆ ಏನೂ ಆಗಲ್ಲ. ಅದಕ್ಕೇ ನಮ್ಮ ಲಿಪಿಯಲ್ಲಿ ದೀರ್ಘಕ್ಕೆ ಗುರುತಿದೆ, ಈ ಥರದ ಒತ್ತಿಗೆ ಇಲ್ಲ. 'ಒತ್ತು' ಅಂದ್ರೆ ನಮಗೆ ಅಕ್ಷರದ ಬುಡದಲ್ಲಿ ನೇತಾಡೋದು. ಇಂಗ್ಲಿಷಿನ ಒತ್ತು ಅವರ ಸ್ಪೆಲ್ಲಿಂಗಲ್ಲೂ ಕಾಣಲ್ಲ, ನಮ್ಮ ಲಿಪಿಗೆ ಇಳಿಸಿದ್ರೂ ಕಾಣಲ್ಲ. ಕಣ್ಣಿಗೆ ಕಾಣದ್ದನ್ನ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕು ತಾನೆ?

ಹೇಳೋದು ಅಷ್ಟೇನೂ ಕಷ್ಟ ಇಲ್ಲ. ಬ್ರಿಟಿಷರು ^ನೆಸೆಸರಿಲಿ ಅಂತ ಮೊದಲನೇದನ್ನ ಒತ್ತಿ ಉಳಿದ ನಾಲ್ಕನ್ನ ಜಾರುಬಂಡೆ ಮೇಲೆ ಬಿಟ್ಟ ಹಾಗೆ ಬಿಡ್ತಾರೆ. ಅಮೆರಿಕದವರು ಟೆಂಪರೆರಿ, ನೆಸೆಸೆರಿ ಅನ್ನುವಾಗಲೇ ಕೊನೆಯ 'ರೆ', 'ಸೆ'ಗೆ ಸ್ವಲ್ಪ ಭಾರ ಉಳಿಸ್ಕೊಂಡಿರ್ತಾರೆ. ಕೊನೆಗೆ ಲಿ ಸೇರಿ ಬಾಲ ಉದ್ದ ಆದಾಗ ಪೂರ್ತಿ ಭಾರ ಅಲ್ಲಿಗೇ ಸರಿದುಬಿಡುತ್ತೆ. ಟೆಂಪ^ರೆರಿಲಿ, ನೆಸ^ಸೆರಿಲಿ, ಪ್ರೈ^ಮೆರಿಲಿ, ವಾಲನ್^ಟೆರಿಲಿ. ಒಂದು ಕುಟುಂಬ ಪೂರ್ತಿ ಹೀಗೇ. ಈಗ ಬ್ರಿಟನ್ನಲ್ಲೂ ಎಷ್ಟೋ ಜನ ಅಮೆರಿಕದ ಥರಾನೇ ಹೇಳ್ತಾರೆ, ಅವರ ಡಿಕ್ಷನರಿಗಳೇ ಎರಡನ್ನೂ ಕೊಡ್ತಿವೆ. ಇನ್ನೂ ಹಿಂದಕ್ಕೆ ಹೋದ್ರೆ ಮೂಲ ಲ್ಯಾಟಿನ್: ಟೆಂಪೊರಾರಿಯುಸ್. ಲ್ಯಾಟಿನ್ನವರೂ ನಮ್ಮ ಹಾಗೇ ಲಘು-ಗುರು ಜನ ಕಣ್ರೀ! ಕೊನೆಯಿಂದ ಎರಡನೇ ಅಕ್ಷರ ಗುರು ಆದ್ರೆ ಅದನ್ನ ಒತ್ತು, ಲಘು ಆದ್ರೆ ಅದರ ಹಿಂದಿನದನ್ನ ಒತ್ತು, ಇಷ್ಟೇ ಅವರ ಸೂತ್ರ. ಇಲ್ಲಿ ಕೊನೆಯಿಂದ ಎರಡನೇದು 'ರಿ', ಲಘು. ಹಾಗಾಗಿ ಒತ್ತು 'ರಾ' ಮೇಲೆ. ಅಮೆರಿಕದವರು ಗೊತ್ತಿಲ್ಲದೇ ರೋಮಿನ ಹತ್ರ ವಾಪಸ್ ಹೋಗಿದ್ದಾರೆ. ಇದನ್ನ ನಮ್ಮ ಮಕ್ಕಳಿಗೆ ಪ್ರಸ್ತಾರ ಗೊತ್ತಿರೋ ಕನ್ನಡ ಮೇಷ್ಟ್ರು ಹತ್ತು ನಿಮಿಷದಲ್ಲಿ ಹೇಳ್ಕೊಡಬಹುದು. ಇಂಗ್ಲಿಷ್ ಕ್ಲಾಸಿಗೆ ಅವರನ್ನ ಕರೆಯೋರು ಯಾರು!

ಒತ್ತು ಮುಖ್ಯವೇ ಅಲ್ಲ, ಸುಮ್ನೆ ಬಿಡಿ ಅನ್ನೋರೂ ಇದಾರೆ. ಜೆನಿಫರ್ ಜೆಂಕಿನ್ಸ್ ಅನ್ನೋ ವಿದ್ವಾಂಸೆ 2000ದಲ್ಲಿ ಬರೆದ ಪುಸ್ತಕದಲ್ಲಿ, ಬೇರೆ ಬೇರೆ ಮಾತೃಭಾಷೆಯವರು ಇಂಗ್ಲಿಷಲ್ಲಿ ಮಾತಾಡ್ಕೊಳ್ಳೋದಕ್ಕೆ ಪದದ ಒತ್ತು ಅಂಥ ಅಗತ್ಯ ಅಲ್ಲ ಅಂತ ಅದನ್ನ ಪಟ್ಟಿಯಿಂದ ಹೊರಗೇ ಇಟ್ರು. ಓದಿ ನಂಗೆ ಸಮಾಧಾನ ಆಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಅದಕ್ಕೂ ಬಹಳ ಮೊದಲು, 1969ರಲ್ಲಿ, ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯಲ್ಲಿ (ಈಗಿನ ಇಫ್ಲು) ಆರ್. ಕೆ. ಬನ್ಸಲ್ ಅವರು ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ಅರ್ಥ ಆಗುತ್ತೆ ಅಂತ ಪರೀಕ್ಷೆ ಮಾಡಿ, ಅರ್ಥ ಆಗದೆ ಹೋಗೋದಕ್ಕೆ ತಪ್ಪು ಜಾಗದ ಒತ್ತು ದೊಡ್ಡ ಕಾರಣಗಳಲ್ಲಿ ಒಂದು ಅಂತ ತೋರಿಸಿದ್ರು. ನಾನು ಬನ್ಸಲ್ ಪಕ್ಷ. ಫೋನಲ್ಲಿ ಅಮೆರಿಕದ ಅಜ್ಜಿಗೆ ಮೂರು ಸಲ ಅದೇ ಪದ ಹೇಳಿ, ಮೂರು ಸಲವೂ 'ಪಾರ್ಡನ್?' ಅನ್ನಿಸ್ಕೊಂಡವನಿಗೆ ಅದು ಗೊತ್ತಾಗುತ್ತೆ. (ಕೊನೆಗೂ ಒಂದು ಕಡೆ ಕೆಲಸ ಸಿಕ್ತು ನಂಗೆ. ಅಲ್ಲಿ ಎರಡು ವರ್ಷ ಇದ್ದೆ.) ಅಂದ್ರೆ ಗಮನಿಸಿ, ನಮ್ಮ ದೇಶದಲ್ಲೇ, ನಮ್ಮ ಮಗ್ಗುಲಲ್ಲೇ, ಅರ್ಧ ಶತಮಾನಕ್ಕೂ ಹಿಂದೆ ಗೊತ್ತಾದ ವಿಷಯ ಇದು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷ್ ಕಲಿಸೋದು ಶುರುವಾದದ್ದು 2007ರಲ್ಲಿ. ಆ ಮಕ್ಕಳೆಲ್ಲ ಈಗ ಇಂಟರ್ವ್ಯೂಗಳಿಗೆ ಹೋಗೋ ವಯಸ್ಸಿಗೆ ಬಂದಿದಾರೆ. ಮೊದಲ ಪಾಠದ ಜೊತೆಗೇ ಯಾರಾದ್ರೂ ಅವರಿಗೆ ಒತ್ತು ಹೇಳ್ಕೊಟ್ಟಿದ್ರೆ ಎಷ್ಟು ಜನ ನಾಲಿಗೆ ಸರಿಯಿಲ್ಲ ಅಂದ್ಕೊಂಡು ಮಲಗೋದು ತಪ್ಪುತ್ತಿತ್ತು.

ಒಂದು ಮಾತು ನಿಮಗೂ ಇದೆ, ಬ್ಲಾಗಿಗ ಬಂಧುಗಳೇ. ಹಳ್ಳಿ ಕಡೆಯ ಹುಡುಗ ಇಂಗ್ಲಿಷ್ ಮಾತಾಡಿದ್ದನ್ನ ಕೇಳಿ ಬಂದು ಅದನ್ನ ಹಾಗೇ ಬರೆದು ನಗಿಸ್ತೀರಲ್ಲ, ನಾನೂ ಬರೆದಿದೀನಿ, ಐವತ್ತು ಜನ ಬಂದು 'ಸೂಪರ್ ಸಾರ್' ಅಂದಿದಾರೆ. ಈಗ ಹೋಗಿ ಅದನ್ನ ಅಳಿಸಿ ಬಂದೆ. ನಗು ಬಂದದ್ದು ಸ್ಪೆಲ್ಲಿಂಗ್ ನೋಡಿ ಓದಿದವನ ಮೇಲೆ. ಅವನಿಗೆ ಸ್ಪೆಲ್ಲಿಂಗ್ ಬಿಟ್ಟು ಬೇರೇನನ್ನೂ ನಾವು ಕೊಟ್ಟೇ ಇರಲಿಲ್ಲ.

ಸರಿ, ವರ್ಕ್‌ಶೀಟಿನ ಕಥೆ. ಆಕ್ಸ್‌ಫರ್ಡ್ ಪುಟದ ಫೋಟೋ ಪ್ರಿಂಟ್ ತೆಗೆಸಿ, ಆ ಕೆಂಪು ಸಾಲಿನ ಕೆಳಗೆ ಅಂಟಿಸಿ, 'ನಾಲ್ಕೂ ಸರಿ, ಐದೂ ಸರಿ, ಒತ್ತು ಎಲ್ಲಿ ಅನ್ನೋದರ ಮೇಲೆ ಹೋಗುತ್ತೆ' ಅಂತ ಸಭ್ಯವಾಗೇ ಬರೆದು ಕಳಿಸಿದೆ. ಮನೆಯಲ್ಲಿ ಕನ್ನಡವೇ ಮಾತಾಡ್ತೀವಿ ಅಂತಾನೂ ಬರೆದೆ. ಶುಕ್ರವಾರ ಹಾಳೆ ವಾಪಸ್ ಬಂತು. ಮಾರ್ಕು ಸೇರಿಸಿದಾರೆ. ಕೆಳಗಿನ ಆ ಎರಡು ವಾಕ್ಯ ಮಾತ್ರ ಹಾಗೇ ಇದೆ, ಅದಕ್ಕೆ ಯಾರೂ ಗೆರೆ ಎಳೆದಿಲ್ಲ. ಮಗಳು ತಾನೇ ಪೆನ್ಸಿಲ್ ತಗೊಂಡು 'ಪ್ರಭಾವ' ದ ಮೇಲೆ ಪ್ರಸ್ತಾರ ಹಾಕಿದಾಳೆ. ಪ್ರ ಲಘು, ಭಾ ಗುರು, ವ ಲಘು. ಸರಿಯಾಗೇ ಹಾಕಿದಾಳೆ.

ಮುಂದಿನ ವಾರದ ಹಾಳೆಯಲ್ಲಿ ವಾಲಂಟರಿಲಿ ಇದೆಯಂತೆ. ಡಿಕ್ಷನರಿ ಕೆಳಗಿಳಿಸಿ ಇಟ್ಟಿದೀನಿ.